ಗಾಯರಾಣದಲ್ಲಿ ಕರಡ

ಟಿಕೋಟಾ
11 ನವೆಂಬರ್ 2024

ವತ್ಸಲಾಬಾಯಿ ಮೇಡಂ ಅವರಿಗೆ ನಮಸ್ಕಾರ.

ನಾನು ಸಾಯಿರಾ. ನೀವು ನಿವೃತ್ತರಾಗುವ ಮುಂಚಿನ ಕೊನೆಯ ಬ್ಯಾಚಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಕಿಟಕಿ ಪಕ್ಕದ ಬೆಂಚು. ಎಂಟು ವರ್ಷ ನಿಮಗೆ ಬರೆಯಲಿಲ್ಲ. ಅದರ ಕಾರಣವನ್ನು ಈ ಪತ್ರದಲ್ಲೂ ಬರೆಯುತ್ತಿಲ್ಲ. ಇದು ಕೆಲಸದ ಪತ್ರ. ಫೋನ್ ಮಾಡಬಹುದಿತ್ತು. ನಿಮ್ಮ ದನಿ ಕೇಳಿದರೆ ಕೇಳಬೇಕಾದದ್ದು ಮರೆತುಹೋಗುತ್ತದೆ.

ನಾನೀಗ ಇಲ್ಲಿಯ ಒಣದ್ರಾಕ್ಷಿ ಕಂಪನಿಯೊಂದರಲ್ಲಿ ಗ್ರೇಡಿಂಗ್ ವಿಭಾಗದ ಮೇಲ್ವಿಚಾರಕಿ. ತೊಟ್ಟು ಉಳಿದ ಕಾಳು, ಕಪ್ಪಾದ ಕಾಳು, ಸೊರಗಿದ ಕಾಳು ಇವನ್ನೆಲ್ಲ ಆರಿಸಿ ತೆಗೆದು, ಹೊಂಬಣ್ಣದ ನುಣುಪಾದ ಕಾಳನ್ನಷ್ಟೇ ಡಬ್ಬಿಗೆ ಕಳಿಸುವುದು ನಮ್ಮ ಕೆಲಸ. ಕೈಕೆಳಗೆ ಅರವತ್ತು ಹೆಂಗಸರಿದ್ದಾರೆ. ಕಳೆದ ಮೂರು ವರ್ಷದಲ್ಲಿ ನಮ್ಮ ಒಂದು ಡಬ್ಬಿಯೂ ವಾಪಸ್ ಬಂದಿಲ್ಲ.

ಈ ಸಲ ಪರದೇಶದ ಖರೀದಿದಾರರು ಹೊಸ ಷರತ್ತು ಹಾಕಿದ್ದಾರೆ. ಕಂಪನಿಯ ಪ್ರತಿಯೊಬ್ಬರೂ ವರ್ಷಕ್ಕೆ ಎರಡು ದಿನ ಸ್ವಯಂಸೇವೆ ಮಾಡಿ, ಹತ್ತಿರದ ಹಾಳುಬಿದ್ದ ಕಾಡನ್ನು ಮೊದಲಿದ್ದಂತೆ ಮಾಡಬೇಕಂತೆ. ಬಬಲೇಶ್ವರದ ರಸ್ತೆಗೆ ಹತ್ತಿಕೊಂಡು ನಮ್ಮೂರಿನ ಗಾಯರಾಣ ಇದೆ. ಆಡು-ದನ ಮೇಯಲು ಬಿಟ್ಟ ಹನ್ನೊಂದು ಎಕರೆ ಊರ ಜಾಗ. ಪಂಚಾಯ್ತಿಯವರು ಅದನ್ನು ತೋರಿಸಿದರು. ವಿಜಯಪುರದ ಗಾಂಧಿ ಚೌಕದ ಆಫೀಸಿನಿಂದ ನಮ್ಮ ಸಿಬ್ಬಂದಿ ವಿಭಾಗದ ಸುಧೀರ ಅವರು ಬಂದು ಮೀಟಿಂಗ್ ಮಾಡಿದರು.

"ಎರಡ ಸಾವಿರ ಗುಲ್ಮೊಹರ್ ಸಸಿ ಹೇಳೀನ್ರಿ. ಕೆಂಪ ಹೂ ಬಿಟ್ರ ಫೋಟೋ ಭಾರಿ ಬರ್ತಾವ," ಎಂದರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಅದು ಗಿಡದ ಕಾಡ ಅಲ್ರಿ, ಹುಲ್ಲಿನ ಕಾಡು. ನಾ ಸಣ್ಣಾಕಿ ಇದ್ದಾಗ ಅಲ್ಲಿ ಎದಿಮಟ ಕರಡ ಹುಲ್ಲ ಇರ್ತಿತ್ತು. ಒಳಗ ಹೋದ್ರ ಸಲವಾರ ತುಂಬ ಬೀಜ ಚುಚ್ಚಿಕೊಂಡು ಬರ್ತಿದ್ವಿ."

ಎಲ್ಲರೂ ನನ್ನ ಕಡೆ ತಿರುಗಿದರು. "ಹಂಗಾರ ನೀವ ಮಾಡ್ಸರಿ ಮೇಡಂ," ಎಂದು ಸುಧೀರ ಅವರು ಫೈಲನ್ನು ನನ್ನ ಮುಂದಕ್ಕೆ ಸರಿಸಿದರು.

ಈಗ ನನ್ನ ಬಳಿ ಒಂದು ಫೈಲು, ನೂರ ನಲವತ್ತು ಹಸಿರು ಟೀ ಶರ್ಟು, ಬಳ್ಳಾರಿ ಜಾಲಿ ತುಂಬಿದ ಹನ್ನೊಂದು ಎಕರೆ ಇವೆ. ಮೊದಲು ಏನು ಮಾಡಬೇಕು?

ನಿಮ್ಮ ವಿದ್ಯಾರ್ಥಿನಿ,
ಸಾಯಿರಾ


ಸಿದ್ಧೇಶ್ವರ ಗುಡಿ ಹಿಂದಿನ ಓಣಿ, ವಿಜಯಪುರ
20 ನವೆಂಬರ್ 2024

ಸಾಯಿರಾ,

ಪತ್ರ ಬಂತು. ನಿನ್ನ ಅಕ್ಷರ ಮೊದಲಿಗಿಂತ ಸಣ್ಣದಾಗಿದೆ. ಮುಂದಿನ ಸಲ ದೊಡ್ಡದಾಗಿ, ಕಪ್ಪು ಶಾಯಿಯಲ್ಲಿ ಬರೆ.

ಗುಲ್ಮೊಹರ್ ವಾಪಸ್ ಕಳಿಸು. ನೀನು ಮೀಟಿಂಗಿನಲ್ಲಿ ಹೇಳಿದ್ದು ಸರಿ. ನಮ್ಮ ಕಡೆಯ ಕಾಡು ಎಂದರೆ ಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಕುರುಚಲು ಗಿಡ. ಜನ ಅದನ್ನು ಬಯಲು ಎನ್ನುತ್ತಾರೆ. ಖಾಲಿ ಎಂದು ತಿಳಿದು ಏನಾದರೂ ನೆಡಲು ಓಡಿಬರುತ್ತಾರೆ. ಬಳ್ಳಾರಿ ಜಾಲಿಯನ್ನು ಬೇರು ಸಹಿತ ತೆಗೆಸು. ಬಾರಿ, ಕವಳಿ, ತಂಗಡಿ ನಮ್ಮ ನೆಲದ ಗಿಡಗಳು, ಕಂಡರೆ ಮುಟ್ಟಬೇಡ. ನಿನ್ನ ಟೀ ಶರ್ಟಿನವರಿಗೆ ಮುಳ್ಳೆಲ್ಲ ಒಂದೇ ಎಂಬಂತೆ ಕಾಣುತ್ತದೆ, ಆದ್ದರಿಂದ ಉಳಿಸಬೇಕಾದ ಗಿಡಕ್ಕೆ ಮೊದಲೇ ಬಟ್ಟೆ ಕಟ್ಟು. ಕರಡದ ಬೀಜ ಭೂತನಾಳ ಕೆರೆಯಾಚೆಯ ದಿಬ್ಬದ ಮೇಲೆ ಸಿಗಬೇಕು. ನಾನು ನೋಡಿ ಬಹಳ ವರ್ಷವಾಯಿತು. ಅಲ್ಲಿಯ ಹೊಲದವರನ್ನು ಕೇಳಿ ತೆಗೆದುಕೊಳ್ಳಿ, ಮೂರರಲ್ಲಿ ಒಂದು ಪಾಲು ಮಾತ್ರ. ಬಿತ್ತುವುದು ಮುಂಗಾರಿಗೆ.

ಇದೆಲ್ಲಕ್ಕೂ ಮೊದಲಿನ ಕೆಲಸವೊಂದನ್ನು ನಿನ್ನ ಫೈಲಿನಲ್ಲಿ ಬರೆದಿಲ್ಲ. ಅಲ್ಲಿ ಯಾರ ಆಡು ಮೇಯುತ್ತವೆ? ಅವರನ್ನು ಕೇಳಿದೆಯಾ?

ಎಂಟು ವರ್ಷದ ಲೆಕ್ಕ ನನಗೂ ಗೊತ್ತಿದೆ.

ವತ್ಸಲಾಬಾಯಿ


ಟಿಕೋಟಾ
5 ಜನವರಿ 2025

ಮೇಡಂ,

ಅಕ್ಷರ ದೊಡ್ಡದಾಯಿತೇ?

ಕೇಳಿದೆ. ಹನ್ನೊಂದು ಮನೆಯವರ ಆಡು ಅಲ್ಲಿ ಮೇಯುತ್ತವೆ. ಎಲ್ಲರ ಪರವಾಗಿ ಮಾತಾಡುವವಳು ಇಮಾಮಬಿ; ನನ್ನ ತಾಯಿಯ ಅಕ್ಕ, ನನ್ನ ಖಾಲಾ. ಮನೆಯಲ್ಲಿ ನಾವು ದಖನಿ ಉರ್ದು ಆಡುತ್ತೇವೆ. ಬೈಯುವಾಗ ಮಾತ್ರ ಖಾಲಾ ಕನ್ನಡಕ್ಕೆ ಬರುತ್ತಾಳೆ, ಹನ್ನೊಂದು ಮನೆಗೂ ತಿಳಿಯಲಿ ಎಂದು.

"ಒಂದ ವರ್ಷ ಗಾಯರಾಣ ಬಂದ್ ಮಾಡ್ಬೇಕಾ? ನನ್ನ ಆಡಿಗೆ ನಿಮ್ಮ ಕಂಪನಿ ದ್ರಾಕ್ಷಿ ತಿನಸ್ತದೇನಬೇ?"

"ಒಂದ ವರ್ಷ ಅಷ್ಟ, ಖಾಲಾ. ಬರೋ ಡಿಸೆಂಬರಕ್ಕ ನೋಡು, ಕರಡ ನಿಂತಿರ್ತದ. ಹನ್ನೊಂದೂ ಮನಿಯವ್ರು ಕೊಯ್ಕೊಂಡು ಒಯ್ಯೂವಷ್ಟು."

"ಯಾರ ಮಾತು ಇದು? ಕಂಪನಿದೊ, ನಿಂದೊ?"

ಕಂಪನಿಯದು ಎನ್ನಬಹುದಿತ್ತು. ನನ್ನದು ಎಂದೆ. ಅವರಲ್ಲಿ ಹಿರಿಯನಾದ ಬುಡ್ಡೇಸಾಬ ಮಾಮಾ, "ಹಂಗಾರ ಆತು. ಕಂಪನಿ ಮ್ಯಾಲ ಸಿಟ್ಟ ಬಂದ್ರ ಎಲ್ಲಿ ಹೋಗೂದು? ನೀ ಆದ್ರ ಇದ ಓಣ್ಯಾಗ ಇರ್ತಿ," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಇದೇ ಒಂದನೇ ತಾರೀಕಿನಿಂದ ಆಡುಗಳು ಹೊರಗಿವೆ. ರಸ್ತೆಗುಂಟ ಮೂರು ಮೈಲಿ ನಡೆದು ಮೇಯ್ದು ಬರುತ್ತವೆ.

ಸ್ವಯಂಸೇವೆಯ ಮೊದಲ ದಿನ ಡಿಸೆಂಬರ್ 21ಕ್ಕೆ ಆಯಿತು. ಮಾರಾಟ ವಿಭಾಗದ ರಾಜರತ್ನ ಅವರು ಬಿಳಿ ಬೂಟು ಹಾಕಿಕೊಂಡು ಬಂದಿದ್ದರು. ಅರ್ಧ ತಾಸಿನಲ್ಲಿ ಜಾಲಿಮುಳ್ಳು ಬೂಟಿನೊಳಗೆ ಹೋಗಿ, ಒಂದೇ ಕಾಲಲ್ಲಿ ಕುಣಿಯುತ್ತಾ, "ಇದು ನೇಟಿವ್ ಮುಳ್ಳೊ, ಹೊರಗಿಂದೊ?" ಎಂದು ಕೇಳಿದರು. ಹೊರಗಿನದು ಎಂದೆ. "ಹಂಗಾರ ಕಿತ್ತ ಒಗೀರಿ!" ಎಂದು ತಾವೇ ಸಂಜೆಯವರೆಗೆ ಗುದ್ದಲಿ ಬಿಡಲಿಲ್ಲ. ನೀವು ಹೇಳಿದಂತೆ ಉಳಿಸಬೇಕಾದ ಗಿಡಗಳಿಗೆ ಬಟ್ಟೆ ಕಟ್ಟಿದ್ದೆ. ಬಟ್ಟೆ ಸಾಲದೆ ಮಿಕ್ಕ ಟೀ ಶರ್ಟುಗಳನ್ನೇ ಹರಿದೆವು.

ಭೂತನಾಳದ ದಿಬ್ಬದಲ್ಲಿ ಕರಡ ಇದೆ, ಮೇಡಂ. ನೀವು ಹೇಳಿದ ಜಾಗದಲ್ಲೇ. ನಮ್ಮ ಗ್ರೇಡಿಂಗಿನ ಹೆಂಗಸರು ಮೂರು ದಿನ ಹೋಗಿ ತೆನೆ ಕಿತ್ತು ತಂದರು. ಈ ತಿಂಗಳು ನಮ್ಮ ಗ್ರೇಡಿಂಗ್ ಹಾಲ್ ಖಾಲಿ ಇದೆ. ಹೊಸ ಹಣ್ಣು ಬರುವುದು ಇನ್ನೂ ತಡ. ಅಲ್ಲೇ ಹರವಿ ಬೀಜ ಶುಚಿ ಮಾಡುತ್ತೇವೆ.

ನಿಮ್ಮ ಸಾಯಿರಾ


ಟಿಕೋಟಾ
9 ಫೆಬ್ರುವರಿ 2025

ಮೇಡಂ,

ಈ ಪತ್ರದ ಜೊತೆ ಒಂದು ಡಬ್ಬಿ ಕಳಿಸಿದ್ದೇನೆ. ಒಳಗೆ ನಾವು ಶುಚಿ ಮಾಡಿದ ಬೀಜದ ಮಾದರಿ ಇದೆ. ನಮ್ಮ ನೀಲಾಬಾಯಿ ಹದಿನಾಲ್ಕು ವರ್ಷ ಗ್ರೇಡಿಂಗ್ ಮೇಜಿನ ಮುಂದೆ ಕುಳಿತ ಹೆಂಗಸು. ಅವರ ಕಣ್ಣು ತಪ್ಪಿಸಿ ಒಂದು ತೊಟ್ಟು ದಾಟುವುದಿಲ್ಲ. ಒಟ್ಟು ನಾಲ್ಕು ಚೀಲ ಬೀಜವಾಗಿದೆ. ಕಸ ಆರು ಚೀಲ. ನೋಡಿ, ಸರಿಯಿದೆಯೇ ತಿಳಿಸಿ. ನೀವು ಸರಿ ಎಂದರಷ್ಟೇ ಬಿತ್ತುತ್ತೇನೆ.

ಸಾಯಿರಾ


ವಿಜಯಪುರ
3 ಮಾರ್ಚ್ 2025

ಸಾಯಿರಾ,

ಡಬ್ಬಿ ತಲುಪಿತು. ನಿನ್ನ ಕೆಲಸ ಅಚ್ಚುಕಟ್ಟು. ಪ್ರಾಕ್ಟಿಕಲ್ ಪುಸ್ತಕದಲ್ಲೂ ಹಾಗೇ ಇತ್ತು. ಬಿತ್ತು. ಒಣ ಜಾಗದಲ್ಲಿಡು, ಇಲಿಯಿಂದ ಕಾಪಾಡು.

ಈಚೆಗೆ ಹೆಚ್ಚು ಬರೆಯಲು ಆಗುತ್ತಿಲ್ಲ. ಬಿಸಿಲು ಜಾಸ್ತಿ.

ವತ್ಸಲಾಬಾಯಿ


ಟಿಕೋಟಾ
15 ಜೂನ್ 2025

ಮೇಡಂ,

ಬಿತ್ತಿದೆವು! ಮಳೆ ಬಿದ್ದ ಮೂರನೇ ದಿನ, ನೂರ ಮೂವತ್ತೆರಡು ಜನ, ಹಗ್ಗ ಹಿಡಿದು ಸಾಲಾಗಿ. ಸುಧೀರ ಅವರು ಡ್ರೋನ್ ತರಿಸಿದ್ದರು. ಮೇಲಿಂದ ತೆಗೆದ ಚಿತ್ರದಲ್ಲಿ ನಾವು ಕಂಬಳಿಯ ಮೇಲಿನ ಹಸಿರು ಇರುವೆಗಳಂತೆ ಕಾಣುತ್ತೇವೆ. ಚಿತ್ರ ಪರದೇಶಕ್ಕೆ ಹೋಗಿ, ಅಭಿನಂದನೆ ವಾಪಸ್ ಬಂದೂ ಆಯಿತು.

ಖಾಲಾ ಕೂಡ ಬೇಲಿ ತನಕ ಬಂದಿದ್ದಳು. ಬಕ್ರೀದ್ ಮುಂಚೆ ಆಡು ಮೈದುಂಬಿಕೊಳ್ಳಬೇಕಾದ ಕಾಲದಲ್ಲಿ ದಿನಾ ಆರು ಮೈಲಿ ನಡೆಸಿದಳು, ಒಂದು ಆಡನ್ನೂ ಒಳಗೆ ಬಿಡಲಿಲ್ಲ. ಒಂದು ಹಿಡಿ ಬೀಜ ಅಂಗೈಗೆ ಹಾಕಿಸಿಕೊಂಡು ಬೆರಳಲ್ಲಿ ಆಡಿಸಿ, "ಇದರ ಬಾಲ ಎಲ್ಲಿ ಹೋತು?" ಎಂದಳು.

"ಕ್ಲೀನ್ ಮಾಡೀವಿ, ಖಾಲಾ."

"ಯಪ್ಪಾ! ಕರಡಕ್ಕೂ ಕ್ಷೌರ ಮಾಡ್ಸೀರೇನ!"

ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು. ಮೋಡ ಚೆನ್ನಾಗಿತ್ತು. ನಿಮ್ಮನ್ನು ಕರೆಯಬೇಕಿತ್ತು ಅನ್ನಿಸಿತು. ಮುಂದಿನ ಸಲ ಖಂಡಿತ.

ನಿಮ್ಮ ಸಾಯಿರಾ


ಟಿಕೋಟಾ
18 ಜುಲೈ 2025

ಮೇಡಂ,

ಏನೂ ಹುಟ್ಟಿಲ್ಲ.

ಒಂದು ತಿಂಗಳು ಕಾದೆ. ಮಳೆ ನಾಲ್ಕು ಸಲ ಬಂದಿದೆ. ಬಾರಿ ಚಿಗುರಿದೆ, ತಂಗಡಿ ಚಿಗುರಿದೆ, ಯಾರೂ ಬಿತ್ತದ ಕಳೆ ಹುಟ್ಟಿದೆ. ಕರಡ ಒಂದು ಎಸಳೂ ಇಲ್ಲ. ಖಾಲಾ ದಿನಾ ಬೆಳಿಗ್ಗೆ ಆಡು ಹೊಡೆದುಕೊಂಡು ಹೋಗುವಾಗ ನನ್ನ ಬಾಗಿಲ ಮುಂದೆ ನಿಲ್ಲುತ್ತಾಳೆ. "ಸಾಯಿರಾ, ಎದ್ದಿ ಏನಬೇ? ನಿನ್ನ ಹುಲ್ಲ ಇನ್ನೂ ಮಲಗೈತಿ." ಇದು ತಮಾಷೆ ಎಂದು ಇಬ್ಬರೂ ತಿಳಿದಂತೆ ನಡೆದುಕೊಳ್ಳುತ್ತೇವೆ.

ನಿನ್ನೆ ನೀಲಾಬಾಯಿ ಬಂದು ಕೈ ಹಿಡಿದು ನನ್ನನ್ನು ಬಾಯ್ಲರ್ ಕೋಣೆಯ ಹಿಂದಕ್ಕೆ ಕರೆದುಕೊಂಡು ಹೋದರು. ಕಸದ ಆರು ಚೀಲಗಳನ್ನು ಅಲ್ಲಿ ತಗಡಿನ ಕೆಳಗೆ ಒಟ್ಟಿದ್ದೆವು. ಮೇ ತಿಂಗಳ ಗಾಳಿಗೆ ಒಂದು ಚೀಲ ಉರುಳಿ ಒಡೆದಿತ್ತು. ಕಸ ಚೆಲ್ಲಿದ ಕಡೆಯೆಲ್ಲ ಹುಲ್ಲು. ಗೇಣುದ್ದ, ದಟ್ಟವಾಗಿ, ಹಾಸಿದಂತೆ. ಎಸಳು ಕಿತ್ತು ನೋಡಿದೆ. ಕರಡವೇ.

"ಮೇಡಮ್ಮಾರ, ನಾವು ಒಗದದ್ದ ಹುಟ್ಟೇತಿ. ಇಟ್ಟದ್ದು ಹುಟ್ಟಿಲ್ಲ," ಎಂದರು ನೀಲಾಬಾಯಿ. ಅವರ ಕಣ್ಣಲ್ಲಿ ನೀರಿತ್ತು. ಹಾಗೆ ಆರಿಸಲು ಹೇಳಿದವಳು ನಾನೇ. ತೆನೆ ಬಿಡಿಸಿದಾಗ ಎರಡು ಥರ ಬಂದಿತ್ತು. ಒಂದು ಕಪ್ಪು, ಚೂಪು, ಉದ್ದ ಬಾಲದ್ದು, ಕೈಗೆ ಚುಚ್ಚುವಂಥದ್ದು. ಇನ್ನೊಂದು ತಿಳಿಬಣ್ಣದ್ದು, ನುಣುಪು, ಬಾಲವಿಲ್ಲದ್ದು. "ಬಾಲ ಇದ್ದದ್ದು ಎಲ್ಲಾ ತೆಗೀರಿ, ತೊಟ್ಟು ತೆಗದಂಗ," ಎಂದಿದ್ದೆ. ಅರವತ್ತು ಹೆಂಗಸರು ಒಂದೂ ಬಿಡದಂತೆ ತೆಗೆದರು.

ನಾನು ತಪ್ಪು ಮಾಡಿದ್ದೇನೆ ಎಂದು ಗೊತ್ತು. ಏನು ತಪ್ಪು ಎಂದು ಹೇಳಿ. ಹನ್ನೊಂದು ಮನೆಯವರ ಮುಂದೆ ನಿಲ್ಲುವ ಮೊದಲು ನನಗದು ಸರಿಯಾಗಿ ಗೊತ್ತಿರಬೇಕು.

ಸಾಯಿರಾ


ವಿಜಯಪುರ
24 ಜುಲೈ 2025

ಸಾಯಿರಾ,

ಅಕ್ಷರ ನನ್ನದಲ್ಲ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಮಹಡಿಯ ಮೇಲಿನ ಮನೆಯ ಹೀನಾ ಬರೆದುಕೊಳ್ಳುತ್ತಿದ್ದಾಳೆ. ಪಿಯುಸಿ ಓದುವ ಹುಡುಗಿ. ನಿನ್ನ ಪತ್ರವನ್ನೂ ಅವಳೇ ಓದಿ ಹೇಳಿದಳು.

(ಬಾಲದ ಭಾಗ ಬಂದಾಗ ಮೇಡಂ ಎಷ್ಟು ನಕ್ಕರೆಂದರೆ ನೀರು ಕುಡಿಸಬೇಕಾಯಿತು. — ಹೀನಾ)

ಹೀನಾ, ನಾನು ಹೇಳಿದ್ದನ್ನಷ್ಟೇ ಬರಿ.

ಕರಡದ ತೆನೆಯಲ್ಲಿ ಎರಡು ಬಗೆಯ ಹೂವಿರುತ್ತದೆ. ಬಾಲವಿಲ್ಲದ ನುಣುಪಿನದು ಗಂಡು ಹೂವು. ಪರಾಗ ಉದುರಿದ ಮೇಲೆ ಉಳಿಯುವುದು ಬರೀ ಹೊಟ್ಟು. ಕಾಳು ಕಟ್ಟುವುದು ಬಾಲದ್ದರಲ್ಲಿ ಮಾತ್ರ. ಆ ಬಾಲ ಕಸವಲ್ಲ, ಸಾಯಿರಾ, ಉಪಕರಣ. ತೇವವಾದರೆ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಸುತ್ತಿಕೊಳ್ಳುತ್ತದೆ. ಹೀಗೆ ತಿರುಗಿ ತಿರುಗಿ ಬೀಜವನ್ನು ಮಣ್ಣೊಳಗೆ ಕೊರೆದು ಇಳಿಸುತ್ತದೆ. ನೀವು ತಾಯಂದಿರನ್ನೆಲ್ಲ ಹೊರಗೆ ಹಾಕಿ, ತಂದೆಯರನ್ನು ಶುಚಿ ಮಾಡಿ, ಸಾಲಾಗಿ ನಿಂತು, ಡ್ರೋನ್ ಹಾರಿಸಿ ಬಿತ್ತಿದ್ದೀರಿ. ಹುಲ್ಲಿನ ಕುಟುಂಬದ ಪಾಠ ಎರಡು ದಿನ ನಡೆಯಿತು. ಎರಡನೆಯ ದಿನ ನೀನು ಗೈರುಹಾಜರು.

ಇನ್ನು ನನ್ನ ತಪ್ಪು. ಫೆಬ್ರುವರಿಯಲ್ಲಿ ನೀನು ಕಳಿಸಿದ ಡಬ್ಬಿಯನ್ನು ತೆರೆದೆ. ಬೆಳ್ಳಗೆ ಏನೋ ಮಸುಕಾಗಿ ಕಂಡಿತು. ಎರಡೂ ಕಣ್ಣಿಗೆ ಪೊರೆ ಬಂದು ಒಂದೂವರೆ ವರ್ಷವಾಗಿದೆ. ಬೆರಳಿಗೆ ಬಾಲ ಸಿಗಲಿಲ್ಲ. ಶುಚಿ ಮಾಡುವಾಗ ಮುರಿದಿರಬೇಕು, ಮುರಿದರೂ ಬೀಜ ಹುಟ್ಟುತ್ತದೆ ಎಂದುಕೊಂಡೆ. ಹೀನಾಳನ್ನು ಕರೆದು ತೋರಿಸಿದ್ದರೆ ಒಂದು ನಿಮಿಷದ ಕೆಲಸ. ಕಾಣುವುದಿಲ್ಲ ಎಂದು ಒಬ್ಬರ ಎದುರು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದರ ಬದಲು ನಿನಗೆ 'ಬಿತ್ತು' ಎಂದು ಬರೆದೆ. ಮೂವತ್ತೊಂದು ವರ್ಷ ಪಾಠ ಮಾಡಿದವಳು ಸ್ಲೈಡ್ ನೋಡದೆ ಅಂಕ ಕೊಟ್ಟೆ. ಹನ್ನೊಂದು ಮನೆಯವರ ಮುಂದೆ ನಿಂತಾಗ ಇದನ್ನೂ ಹೇಳು. ನನ್ನ ಹೆಸರು ಸೇರಿಸಿ ಹೇಳು.

ಉಳಿದ ಐದು ಚೀಲ ಒಣಗಿದ್ದರೆ ಇನ್ನೂ ತಡವಾಗಿಲ್ಲ. ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರಿನಲ್ಲಿ. ಎಲ್ಲ ಎಕರೆಗೂ ಸಾಲುವುದಿಲ್ಲ. ಸಾಲುವಷ್ಟಕ್ಕೆ ಬಿತ್ತು.

ವತ್ಸಲಾಬಾಯಿ

(ಮೇಡಂ ಈಗ ಆಪರೇಷನ್ ಮಾಡಿಸಿಕೊಳ್ಳಲು ಒಪ್ಪಿದ್ದಾರೆ. ಇದನ್ನು ಬರೆಯಬೇಡ ಎಂದರು. — ಹೀನಾ)


ಟಿಕೋಟಾ
11 ಆಗಸ್ಟ್ 2025

ಮೇಡಂ,

ಈ ಪತ್ರವನ್ನೂ ಹೀನಾ ಓದುತ್ತಾಳೆ ಎಂದು ಗೊತ್ತು. ಇರಲಿ.

ಮೊದಲು ಸುಧೀರ ಅವರ ಬಳಿ ಹೋದೆ, ಇನ್ನೊಂದು ದಿನ ಕೊಡಿ ಎಂದು. "ಈ ವರ್ಷದ ತಾಸು ಮುಗದಾವ್ರಿ ಮೇಡಂ. ವರದಿ ಹೋಗೇತಿ. ಅವರ ಲೆಕ್ಕದಾಗ ಕಾಡು ಆಗ್ಯದ. ಆದ ಕಾಡು ಮತ್ತ ಹ್ಯಾಂಗ ಮಾಡೂದು?" ಎಂದರು. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ನಿಜವಾದ ಗೊಂದಲವಿತ್ತು.

ಆಮೇಲೆ ಖಾಲಾಳ ಅಂಗಳಕ್ಕೆ ಹೋದೆ. ಹನ್ನೊಂದು ಮನೆಯವರನ್ನೂ ಕರೆಸಿದ್ದೆ. ಎರಡು ಥರದ ಬೀಜವನ್ನು ಎರಡು ತಟ್ಟೆಯಲ್ಲಿಟ್ಟು ಎಲ್ಲ ಹೇಳಿದೆ, ನಿಮ್ಮ ಕಣ್ಣಿನ ವಿಷಯವನ್ನೂ. ಬುಡ್ಡೇಸಾಬ ಮಾಮಾ ಕೆಮ್ಮು ಬರುವ ತನಕ ನಕ್ಕ. ಖಾಲಾ ನಗಲಿಲ್ಲ.

"ನಾ ಕೇಳಿದ್ನಲ್ಲಾ, ಬಾಲ ಎಲ್ಲಿ ಅಂತ?"

"ಕೇಳಿದ್ದಿ."

"ಆಡು ಕಾಯೋ ಹೆಣ್ಮಗಳಿಗೆ ಗೊತ್ತಿದ್ದದ್ದು ನಿಮ್ಮ ನೂರಾ ಮೂವತ್ತ ಮಂದಿಗೆ ಗೊತ್ತಿರಲಿಲ್ಲ?"

"ಇರಲಿಲ್ಲ. ಕೇಳಿದಾಗ ನಕ್ಕಿವಿ. ನಾನೂ ನಕ್ಕೆ."

ನನ್ನ ಮಾತು ನಾನು ಉಳಿಸಿಕೊಳ್ಳಲಿಲ್ಲ, ಗಾಯರಾಣ ಇವತ್ತಿನಿಂದಲೇ ತೆರೆಯುವುದಿದ್ದರೆ ತೆರೆಯಿರಿ, ನಾನು ಅಡ್ಡ ಬರುವುದಿಲ್ಲ ಎಂದೆ. ಖಾಲಾ ಬಾಲದ ಬೀಜ ಒಂದು ಹಿಡಿ ತೆಗೆದುಕೊಂಡು ಎದ್ದಳು. "ಡಿಸೆಂಬರ್ ಅಂದಿದ್ದಿ. ಡಿಸೆಂಬರ್ ಇನ್ನೂ ಬಂದಿಲ್ಲ. ಅಳಾಕ ಈಗ ಯಾಕ ಸುರು ಮಾಡ್ತಿ?"

ನಿನ್ನೆ ಭಾನುವಾರ ಬಿತ್ತಿದೆವು. ಕಂಪನಿಯಿಂದ ಹದಿನೇಳು ಜನ ಬಂದರು. ಅವರಲ್ಲಿ ಹದಿನಾಲ್ಕು ಜನ ನಮ್ಮ ಗ್ರೇಡಿಂಗಿನವರು. ನೀಲಾಬಾಯಿ ಎಲ್ಲರಿಗಿಂತ ಮುಂದೆ, ಚೀಲ ತಲೆಯ ಮೇಲೆ ಹೊತ್ತು. ರಾಜರತ್ನ ಅವರು ಈ ಸಲ ರಬ್ಬರಿನ ಬೂಟು ತಂದಿದ್ದರು. ಸುಧೀರ ಅವರು ಕಂಪನಿಯ ಅಕ್ಷರ ಕಾಣದಂತೆ ಟೀ ಶರ್ಟನ್ನು ತಿರುವಿ ಹಾಕಿಕೊಂಡು ಬಂದು, "ನಾ ಬಂದಿಲ್ಲ, ನೋಡ್ರಿ," ಎಂದು ಎಲ್ಲರಿಗೂ ಹೇಳುತ್ತಾ ತಿರುಗಿದರು.

ಅರ್ಧ ಚೆಲ್ಲಿದ್ದೆವು. ಖಾಲಾ ಬೇಲಿಯ ಹತ್ತಿರದಿಂದ ಕೂಗಿದಳು. "ನಿಲ್ಲಸ್ರಿ! ಜೂನ್‌ದಾಗ ನೂರಾರು ಮಂದಿ ತುಳದು ನೆಲ ರೊಟ್ಟಿ ಹಂಗ ಆಗೇತಿ. ಬೀಜ ಮ್ಯಾಲ ಕುಂತ್ರ ಇರವಿ ಒಯ್ತಾವ. ಆಡು ಹೊಡೀರಿ ಒಳಗ!"

ಏಳು ತಿಂಗಳಿಂದ ನಾನು ಹೊರಗಿಟ್ಟ ಆಡುಗಳು. ಬೇಲಿಯ ಬಾಗಿಲು ತೆಗೆದವಳು ನಾನೇ. ಇನ್ನೂರಕ್ಕೂ ಹೆಚ್ಚಿದ್ದವು. ಖಾಲಾ ಮತ್ತು ಮಾಮಾ ಅವನ್ನು ಮೇಯಲು ಬಿಡದೆ, ನಿಲ್ಲಲು ಬಿಡದೆ, ಈ ತುದಿಯಿಂದ ಆ ತುದಿಗೆ ಮೂರು ಸಲ ಓಡಿಸಿದರು. ಹಿಂದೆ ನೆಲವೆಲ್ಲ ಸಣ್ಣ ಸಣ್ಣ ಗೊರಸಿನ ಗುಂಡಿ, ಅದರಲ್ಲಿ ಬೀಜ. ಸಂಜೆ ಮಳೆ ಬಂತು.

ಇನ್ನೊಂದು ಮಾತು, ಕೆಲಸಕ್ಕೆ ಸಂಬಂಧಿಸಿದ್ದಲ್ಲ. 2016ರ ಜುಲೈನಲ್ಲಿ ಎಂ.ಎಸ್ಸಿ.ಗೆ ಸೇರಿಸಲು ನನ್ನನ್ನು ಧಾರವಾಡಕ್ಕೆ ಕರೆದೊಯ್ಯಬೇಕೆಂದು ನೀವು ಬಸ್ ನಿಲ್ದಾಣದಲ್ಲಿ ಕಾದಿರಿ. ನಾನು ಬರಲಿಲ್ಲ ಎಂದು ನೀವು ತಿಳಿದಿದ್ದೀರಿ. ಬಂದಿದ್ದೆ. ಪುಸ್ತಕದ ಅಂಗಡಿಯ ಮಗ್ಗುಲಲ್ಲಿ ನಿಂತಿದ್ದೆ. ಹಿಂದಿನ ವಾರವೇ ಇಲ್ಲಿ ಕೆಲಸಕ್ಕೆ ಸೇರಿದ್ದೆ. ಅದು ನನಗೆ ಇಷ್ಟವಾಗಿತ್ತು. ಇಷ್ಟವಾಗಿದೆ ಎಂದು ನಿಮಗೆ ಹೇಳಲು ಧೈರ್ಯ ಸಾಲಲಿಲ್ಲ.

ಸಾಯಿರಾ


ವಿಜಯಪುರ
2 ಅಕ್ಟೋಬರ್ 2025

ಸಾಯಿರಾ,

ಇದು ನನ್ನದೇ ಅಕ್ಷರ. ಬಲಗಣ್ಣಿನ ಆಪರೇಷನ್ ಆಗಿ ಮೂರು ವಾರವಾಯಿತು. ಎಡಗಣ್ಣಿಗೆ ಮುಂದಿನ ತಿಂಗಳು. ಮನೆಯಲ್ಲಿ ಇಷ್ಟು ಧೂಳಿತ್ತು ಎಂದು ಯಾರೂ ಹೇಳಿರಲಿಲ್ಲ.

ಆಡಿನ ಗೊರಸಿನ ವಿಷಯ ನಾನು ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ, ಏಕೆಂದರೆ ನನಗೇ ಹೊಳೆದಿರಲಿಲ್ಲ. ಇಮಾಮಬಿಯವರಿಗೆ ನನ್ನ ನಮಸ್ಕಾರ ತಿಳಿಸು.

ಬಸ್ ನಿಲ್ದಾಣದ ವಿಷಯ. ನೀಲಿ ದುಪಟ್ಟಾ, ಪುಸ್ತಕದ ಅಂಗಡಿಯ ಕಂಬದ ಹಿಂದೆ. ಆಗ ನನ್ನ ಕಣ್ಣು ಚೆನ್ನಾಗಿತ್ತು. ನೀನಾಗಿ ಬರಲಿ ಎಂದು ಎರಡು ಬಸ್ ಬಿಟ್ಟೆ. ಕರೆಯಬಹುದಿತ್ತು. ಕರೆಯಲಿಲ್ಲ.

ಹುಲ್ಲು ಹುಟ್ಟಿತೇ? ಅದನ್ನು ಬರೆಯದೆ ಏಳು ವಾರ ಕಳೆದಿದ್ದೀಯ. ನನ್ನನ್ನು ಹೀಗೆ ಕಾಯಿಸುವುದು ಎರಡನೇ ಸಲ.

ವತ್ಸಲಾಬಾಯಿ


ಟಿಕೋಟಾ
8 ಡಿಸೆಂಬರ್ 2025

ಮೇಡಂ,

ಅಕ್ಟೋಬರಿನಲ್ಲಿ 'ಹುಟ್ಟಿದೆ' ಎಂದು ಒಂದು ಕಾರ್ಡು ಬರೆದೆ, ಅಷ್ಟೇ. ಡಿಸೆಂಬರಿನ ಲೆಕ್ಕ ಆಗದೆ ಹೆಚ್ಚು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಆಯಿತು.

ಹನ್ನೊಂದು ಎಕರೆಯಲ್ಲಿ ನಾಲ್ಕು ಎಕರೆ ಕರಡ ನಿಂತಿದೆ. ಮೊಣಕಾಲೆತ್ತರ; ತೆನೆ ಬಂದ ಕಡೆ ಕೆಂಪಗೆ, ಗಾಳಿ ಬಂದರೆ ಎಲ್ಲವೂ ಒಮ್ಮೆಲೇ ವಾಲುತ್ತದೆ. ಕೌಜುಗ ಹಕ್ಕಿಗಳು ಬಂದಿವೆ. ಉಳಿದ ಏಳು ಎಕರೆ ಬೋಳು. ನಾನು ಹೇಳಿದ್ದು ಹನ್ನೊಂದು ಮನೆಗೂ ಕೊಯ್ದು ಒಯ್ಯುವಷ್ಟು. ಇರುವುದನ್ನು ಕೊಯ್ದರೆ ನಾಲ್ಕು ಮನೆಗೆ ಸಾಲಬಹುದು.

ನಿನ್ನೆ ಎಲ್ಲರೂ ಗಾಯರಾಣದಲ್ಲೇ ಸೇರಿದರು. ಏನು ಹೇಳಬೇಕೆಂದು ನಾನು ಚೀಟಿ ಬರೆದುಕೊಂಡು ಹೋಗಿದ್ದೆ. ಎದ್ದು ನಿಂತು, "ನಾ ಕೊಟ್ಟ ಮಾತು..." ಎನ್ನುತ್ತಿದ್ದಂತೆ ಖಾಲಾ ನನ್ನ ತೋಳು ಹಿಡಿದು ಕೂಡಿಸಿದಳು.

"ನೀ ಕುಂಡ್ರಬೇ. ನಿಂದು ಹೋದ ವರ್ಷದ ಮಾತು. ಈಗಿಂದು ನಾವು ಮಾತಾಡ್ತೀವಿ." ಆಮೇಲೆ ಎಲ್ಲರ ಕಡೆ ತಿರುಗಿದಳು. "ನಾಕ ಎಕರೆ ಕೊಯ್ದರ ಒಂದ ತಿಂಗಳ ಮೇವು. ಬಿಟ್ಟರ ಬೀಜ. ಉಳದ ಏಳು ಎಕರೆಗೂ ಬೀಜ. ಏನಂತೀರಿ?"

"ಮತ್ತೊಂದ ವರ್ಷ ಮೂರು ಮೈಲಿ ನಡೀಬೇಕೇನವ್ವಾ?" ಎಂದ ಬುಡ್ಡೇಸಾಬ ಮಾಮಾ. "ನನ್ನ ಕಾಲು ಕೇಳ್ತಾವ."

"ನಿನ್ನ ಕಾಲಿಗೆ ಹೇಳು, ಆಡು ನಡೀತಾವ ಅಂತ. ನೀ ಇಲ್ಲೇ ಕುಂತ ಕಾಯಿ."

ಮಾಮಾ ಗಡ್ಡ ಕೆರೆದುಕೊಂಡ. ಒಬ್ಬೊಬ್ಬರಾಗಿ ಒಪ್ಪಿದರು. ಬೀಜ ಉದುರಿ ಮುಗಿದ ಮೇಲೆ ಒಣಹುಲ್ಲನ್ನು ಹನ್ನೊಂದು ಪಾಲು ಮಾಡುವುದು. ಬಾಗಿಲು ಮತ್ತೊಂದು ಮಳೆಗಾಲ ಮುಚ್ಚಿಯೇ ಇರುವುದು. ಈ ಸಲ ಯಾರೂ ನನ್ನಿಂದ ಮಾತು ತೆಗೆದುಕೊಳ್ಳಲಿಲ್ಲ, ನನ್ನ ಹೆಸರು ಹಿಡಿಯಲಿಲ್ಲ. ಸುಧೀರ ಅವರು ಪಕ್ಕದಲ್ಲೇ ಇದ್ದರು. ಮುಂದಿನ ವರ್ಷದ ಎರಡೂ ದಿನ ಇಲ್ಲಿಗೇ ಎಂದು ಬರೆದುಕೊಂಡು, ಬೀಜ ಆರಿಸುವ ಕೆಲಸ ನಮ್ಮ ಗ್ರೇಡಿಂಗ್ ವಿಭಾಗಕ್ಕೆ ಎಂದರು.

"ಬ್ಯಾಡ್ರಿ!" ಹನ್ನೊಂದು ಮನೆಯವರೂ ಒಟ್ಟಿಗೆ ಕೂಗಿದರು. ಬೀಜವನ್ನು ಖಾಲಾ ಮತ್ತು ನೀಲಾಬಾಯಿ ನೋಡಿಕೊಳ್ಳುತ್ತಾರಂತೆ. ನಾನು ಅದಕ್ಕೆ ಕೈ ಹಚ್ಚುವಂತಿಲ್ಲ. ನೀಲಾಬಾಯಿ ನನ್ನ ಮುಖ ನೋಡದೆ ಒಪ್ಪಿಕೊಂಡರು.

"ಮತ್ತ ನಂದೇನ ಕೆಲಸ, ಖಾಲಾ?"

ಬಾಗಿಲು ಕಾಯಲು ಒಂದೊಂದು ದಿನ ಒಂದೊಂದು ಮನೆಯ ಪಾಳಿ ಎಂದು ಆಗಷ್ಟೇ ಗೊತ್ತುಮಾಡಿದ್ದರು. ಮಾಮಾ ಬೆರಳು ಮಡಚಿ ಮನೆಗಳ ಹೆಸರು ಹೇಳುತ್ತಾ ಹನ್ನೊಂದಕ್ಕೆ ಬಂದು ನಿಂತಿದ್ದ. ಖಾಲಾ ಅವನ ಕೈ ಹಿಡಿದು ಇನ್ನೊಂದು ಬೆರಳು ಮಡಚಿದಳು. "ಹನ್ನೆರಡು. ಸಾಯಿರಾನ ಮನಿ."

ನನ್ನ ಮನೆಯಲ್ಲಿ ಒಂದು ಆಡೂ ಇಲ್ಲ, ಮೇಡಂ. ಯಾರೂ ಆ ಮಾತನ್ನು ಎತ್ತಲಿಲ್ಲ.

ನನ್ನ ಪಾಳಿ ಇದೇ 21ಕ್ಕೆ, ಭಾನುವಾರ. ನೀವು ಬರುವುದಾದರೆ ಅಂದೇ ಬನ್ನಿ. ಹೀನಾಳನ್ನೂ ಕರೆತನ್ನಿ. ಬೇರೆ ದಿನ ಬಂದರೆ ನಿಮ್ಮನ್ನು ಒಳಗೆ ಬಿಡುವ ಅಧಿಕಾರ ನನಗಿಲ್ಲ.

ಬಸ್ ಇಳಿಯುವ ಕಡೆ ನಿಂತಿರುತ್ತೇನೆ, ಎದುರಿಗೇ,
ಸಾಯಿರಾ